ಮೂರನೆಯ ಬೀಗದಕೈ

ಪ್ಯಾರಮಟ್ಟಾ
9 ಮಾರ್ಚ್ 2025

ಶ್ರೀಮತಿ ಅಕ್ಕು ಅವರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ಹೆಸರು ವೆಂಕಟರಾಮ. ಮೈಸೂರಿನವನು. ಹಳೆಯ ಕಟ್ಟಡಗಳ ಬಿರುಕು ನೋಡಿ ನೋಡಿಯೇ ರಿಟೈರಾದ ಎಂಜಿನಿಯರು. ಸಿಡ್ನಿಗೆ, ಮಗಳ ಮನೆಗೆ, ಬಂದು ಹತ್ತೊಂಬತ್ತು ವರ್ಷವಾಯಿತು. ನಿಮ್ಮ ವಿಳಾಸ ಕೊಟ್ಟವಳು ನೇತ್ರಾ. ವೆರಿಬೀಯ ಏಜ್ಡ್ ಕೇರ್ ಹೋಮಿನಲ್ಲಿ ನಿಮ್ಮ ಜೊತೆ ಕೆಲಸ ಮಾಡಿದವಳು, ನನ್ನ ಮಗಳ ಗೆಳತಿ. ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾನಲ್ಲ, ಯಾವ ಕಾಲದವನಪ್ಪಾ ಎನ್ನಬೇಡಿ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಮೊಬೈಲಿನಲ್ಲಿ ಕನ್ನಡ ಒತ್ತಲು ಬೆರಳು ಬಗ್ಗುವುದಿಲ್ಲ. ಉಳಿದದ್ದು ಪೆನ್ನು ಒಂದೇ.

ವಿಷಯಕ್ಕೆ ಬರುತ್ತೇನೆ. ಆರ್ಥರ್ ಪೆಲ್ ಎಂಬ ಇಂಗ್ಲಿಷ್ ಮುದುಕರನ್ನು ನಾಲ್ಕು ವರ್ಷ ನೋಡಿಕೊಂಡವರು ನೀವು, 2021ರಲ್ಲಿ ಅವರು ತೀರಿಕೊಂಡಾಗಲೂ ಹತ್ತಿರ ಇದ್ದವರು ನೀವೇ ಎಂದು ನೇತ್ರಾ ಹೇಳಿದಳು. ಆರ್ಥರ್ ಹುಟ್ಟಿದ್ದು ಇಂಗ್ಲೆಂಡಿನ ವಿಂಡಲ್‌ಕೋಟ್ ಎಂಬ ಹಳ್ಳಿಯಲ್ಲಿ. ನಲವತ್ತು ಮನೆ, ಒಂದು ಬಾವಿ, ಒಂದು ಚರ್ಚು. 1974ರಲ್ಲಿ ನಾನು ಇಂಗ್ಲೆಂಡಿಗೆ ಓದಲು ಹೋದಾಗ, ಆ ಚರ್ಚಿನ ಗೋಪುರ ಎಷ್ಟು ವಾಲಿದೆ ಎಂದು ಅಳೆಯುವುದು ನನ್ನ ಪ್ರಾಜೆಕ್ಟು. ಒಂದು ವರ್ಷ ಆರ್ಥರ್ ತಂದೆ ಥಾಮಸ್ ಪೆಲ್ ಅವರ ಮನೆಯಲ್ಲೇ ಇದ್ದೆ.

ಅಬ್ಬಾ, ಆ ಚರ್ಚು! ನಮ್ಮ ಸೋಮನಾಥಪುರದ ಗುಡಿಗಿಂತ ಇಪ್ಪತ್ತೈದು ವರ್ಷ ಹಳೆಯದು. ಬಾಗಿಲ ಕಲ್ಲು ಜನ ತುಳಿದು ತುಳಿದು ಬಟ್ಟಲಿನ ಹಾಗೆ ಸವೆದಿದೆ. ಗೋಡೆಯ ಮೇಲೆ 1233ರಿಂದ ಇಲ್ಲಿಯವರೆಗಿನ ಪಾದ್ರಿಗಳ ಪಟ್ಟಿ. 1349ರಲ್ಲಿ ಒಂದೇ ವರ್ಷಕ್ಕೆ ಮೂರು ಹೆಸರು. ಪ್ಲೇಗು. ಒಬ್ಬ ಸತ್ತ, ಇನ್ನೊಬ್ಬ ಬಂದ, ಅವನೂ ಸತ್ತ, ಮತ್ತೊಬ್ಬ ಬಂದ. ಆ ಮೂರನೆಯವನು ಎಲ್ಲ ಗೊತ್ತಿದ್ದೂ ಬಂದನಲ್ಲ! ಆ ಹೆಸರಿನ ಮುಂದೆ ಟೇಪು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಅದೇ ಗೋಡೆಯ ಕೆಳಗೆ ಓಕ್ ಮರದ ಒಂದು ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಊರಿನ ಹುಟ್ಟು, ಮದುವೆ, ಸಾವು ಬರೆದ ಪುಸ್ತಕಗಳೆಲ್ಲ ಅದರೊಳಗೆ. ಒಂದು ಬೀಗದಕೈ ಪಾದ್ರಿಯ ಹತ್ತಿರ, ಉಳಿದ ಎರಡು ಚರ್ಚಿನ ಉಸ್ತುವಾರಿ ಹೊತ್ತ ಇಬ್ಬರು ಊರ ಹಿರಿಯರ ಹತ್ತಿರ. ಮೂವರೂ ಕೂಡಿ ಬಂದರೆ ಮಾತ್ರ ತೆರೆಯಬೇಕು. ನಾನೂರು ವರ್ಷದ ಕಟ್ಟಳೆ. ಥಾಮಸ್ ಪೆಲ್ ಆ ಹಿರಿಯರಲ್ಲೊಬ್ಬರು. 1956ರ ಸೆಪ್ಟೆಂಬರಿನಲ್ಲಿ, ಸಂತ ಮೈಕಲನ ಹಬ್ಬದ ದಿನ, ಇಪ್ಪತ್ತು ವರ್ಷದ ಆರ್ಥರ್ ಅಪ್ಪನ ಜೊತೆ ಜಗಳವಾಡಿ ಆಸ್ಟ್ರೇಲಿಯಾಕ್ಕೆ ಹೊರಟುಹೋದ. ಅಂದೇ ಥಾಮಸರ ಬೀಗದಕೈಯೂ ಕಾಣೆಯಾಯಿತು. ಆವತ್ತಿನಿಂದ ಪೆಟ್ಟಿಗೆ ತೆರೆದಿಲ್ಲ. ಒಡೆದೂ ಇಲ್ಲ. ಹುಡುಗ ವಾಪಸ್ ಬರಲಿ ಎಂದು ಇಡೀ ಊರು ಕಾಯಿತು.

ಈಗ ಅಲ್ಲಿ ಜನವೇ ಇಲ್ಲ. ಸೆಪ್ಟೆಂಬರ್ 28ಕ್ಕೆ ಕೊನೆಯ ಪ್ರಾರ್ಥನೆ, ಆಮೇಲೆ ಚರ್ಚು ಮುಚ್ಚುತ್ತಾರೆ. ಪೆಟ್ಟಿಗೆ ಮ್ಯೂಸಿಯಮ್ಮಿಗೆ ಹೋಗುತ್ತದೆ, ಅವರು ಡ್ರಿಲ್ ಹಾಕಿ ಬೀಗ ಕೊರೆಯುತ್ತಾರಂತೆ. ಈಗಿನ ಪಾದ್ರಿ ಜೂಡಿತ್ ಎಂಬ ಹೆಣ್ಣುಮಗಳು ನನಗೆ ಬರೆದಿದ್ದಾಳೆ. ಆರ್ಥರ್ ಹತ್ತಿರ ಒಂದು ಬೀಗದಕೈ ಏನಾದರೂ ಇತ್ತೇ? ನಿಮ್ಮಿಂದ ಒಂದು ಸಾಲು ಬಂದರೆ ಸಾಕು.

ವೆಂಕಟರಾಮ

•

ವೆರಿಬೀ
30 ಮಾರ್ಚ್ 2025

ವೆಂಕಟರಾಮ ಅವರಿಗೆ,

ನಿಮ್ಮ ಕಾಗದ ಬಂತು. ನಾನು ಉಡುಪಿ ಕಡೆಯವಳು, ಮನೆಮಾತು ತುಳು, ಕನ್ನಡ ಬರೆಯದೆ ವರ್ಷಗಳಾದವು. ತಪ್ಪಿದ್ದರೆ ಬೈಯಬೇಡಿ.

ಆರ್ಥರ್ ಅಂಕಲ್ ಒಳ್ಳೆಯ ಜನ. ಮಾತು ಕಡಿಮೆ. ನನ್ನ ಬುತ್ತಿಯ ಸಾರು ಕುಡಿದು ಕಣ್ಣಲ್ಲಿ ನೀರು ಬಂದರೂ "ಮೋರ್" ಅನ್ನುತ್ತಿದ್ದರು. ಮಕ್ಕಳು ಮರಿ ಯಾರೂ ಇರಲಿಲ್ಲ. ನೋಡಲಿಕ್ಕೆ ಯಾರೂ ಬರುತ್ತಿರಲಿಲ್ಲ.

ಬೀಗದಕೈ ವಿಷಯ ನನಗೆ ಗೊತ್ತಿಲ್ಲ. ಹೋದವರ ಸಾಮಾನೆಲ್ಲ ಆಫೀಸಿನವರು ಲಿಸ್ಟ್ ಮಾಡಿ ತೆಗೆದುಕೊಂಡು ಹೋಗುತ್ತಾರೆ. ಅಲ್ಲದೆ ಗೇಣುದ್ದದ ಹಳೇ ಕಬ್ಬಿಣದ ತುಂಡನ್ನು ಯಾರು ಜೋಪಾನ ಮಾಡುತ್ತಾರೆ ಮಾರಾಯ್ರೆ? ಒಂದು ಪೆಟ್ಟಿಗೆಗೆ ಅರವತ್ತೊಂಬತ್ತು ವರ್ಷ ಕಾದರು ಅಂದರೆ ನನಗೆ ನಗು ಬಂತು. ನಮ್ಮೂರಲ್ಲಾದರೆ ಮರುದಿನವೇ ಕಮ್ಮಾರನನ್ನು ಕರೆಸುತ್ತಿದ್ದರು.

ನಿಮ್ಮ ಗಂಟಲು ಬೇಗ ಗುಣವಾಗಲಿ.

ಅಕ್ಕು

•

ಪ್ಯಾರಮಟ್ಟಾ
13 ಏಪ್ರಿಲ್ 2025

ಅಕ್ಕು ಅವರೇ,

ಉತ್ತರ ಬರೆದಿರಲ್ಲ, ದೊಡ್ಡ ಉಪಕಾರ. ಸಾರಿನ ವಿಷಯ ಓದಿ ನಕ್ಕೆ. ಧ್ವನಿ ಇಲ್ಲದವನು ನಕ್ಕರೆ ಸೈಕಲ್ಲಿಗೆ ಗಾಳಿ ಹೊಡೆದ ಸದ್ದಾಗುತ್ತದೆ, ಮೊಮ್ಮಗಳು ಓಡಿ ಬಂದಳು.

ಬೀಗದಕೈ ಗೇಣುದ್ದ ಎಂದು ನಾನು ಬರೆದಿರಲಿಲ್ಲ. ಕಬ್ಬಿಣದ್ದು ಎಂದೂ ಬರೆದಿರಲಿಲ್ಲ. ಆದರೆ ಅದರ ಬಗ್ಗೆ ನಾನೊಂದು ಮಾತೂ ಕೇಳುವುದಿಲ್ಲ. ನನ್ನದೇ ತಪ್ಪೊಂದನ್ನು ನಿಮಗೆ ಹೇಳಬೇಕಾಗಿದೆ.

ಆ ಪೆಟ್ಟಿಗೆಯ ಮುಚ್ಚಳದಲ್ಲಿ ಕಾಣಿಕೆ ಹಾಕಲು ಒಂದು ಸೀಳು ಉಂಟು, ದೇವಸ್ಥಾನದ ಹುಂಡಿಗೆ ಇರುವಂಥದ್ದು. 1974ರ ಅದೇ ಹಬ್ಬದ ದಿನ ಬೆಳಿಗ್ಗೆ ನಾನು ಗೋಪುರದ ಮೆಟ್ಟಿಲ ಮೇಲೆ ಕೂತು ಅಳತೆ ಬರೆದುಕೊಳ್ಳುತ್ತಿದ್ದೆ. ಥಾಮಸ್ ಬಂದರು. ಮೊದಲು ಮೂರು ಬೀಗಕ್ಕೂ ಹಕ್ಕಿಪುಕ್ಕದಿಂದ ಎಣ್ಣೆ ಬಿಟ್ಟರು. ಆಮೇಲೆ ಕೋಟಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಆ ಸೀಳಿನೊಳಗೆ ಹಾಕಿದರು. ನನ್ನನ್ನು ಕಂಡು ಸಂಕೋಚಪಟ್ಟರು. "ವರ್ಷಕ್ಕೊಂದು ಬರೀತೀನಪ್ಪಾ. ವಿಳಾಸ ಗೊತ್ತಿಲ್ಲ. ಇದನ್ನ ತೆಗೆಯೋಕೆ ಅವನೇ ಬರಬೇಕು ತಾನೇ? ಬಂದಾಗ ಒಂದು ವರ್ಷಾನೂ ಬಿಟ್ಟಿಲ್ಲ ಅಂತ ಗೊತ್ತಾಗ್ಲಿ," ಎಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಈಗಲೂ ಕೇಳುವುದು ಹೀಗೆ.

ನಾನು ಹೊರಡುವ ದಿನ ಅವರು ನನ್ನ ಕೈ ಹಿಡಿದು, "ಎಂದಾದರೂ ಆಸ್ಟ್ರೇಲಿಯಾಕ್ಕೆ ಹೋದರೆ ನನ್ನ ಮಗನನ್ನು ಹುಡುಕುತ್ತೀಯಾ?" ಎಂದು ಕೇಳಿದರು. ಮಾತು ಕೊಟ್ಟೆ. 2006ರಲ್ಲಿ ಇಲ್ಲಿಗೆ ಬಂದೆ. ಆರ್ಥರ್ ಸತ್ತದ್ದು 2021ರಲ್ಲಿ. ಹದಿನೈದು ವರ್ಷ, ಅಕ್ಕು ಅವರೇ! ವಿಮಾನದಲ್ಲಿ ಒಂದೂವರೆ ಗಂಟೆಯ ದೂರದಲ್ಲಿ ಅವರು ಬದುಕಿದ್ದರು. ನಾನು ಹುಡುಕಲಿಲ್ಲ. ನಾಳೆ ನೋಡೋಣ ಎಂದುಕೊಂಡು ವಾಕಿಂಗ್ ಹೋದೆ, ಕನ್ನಡ ಸಂಘದ ಊಟಕ್ಕೆ ಹೋದೆ. ಮಾತು ಕೊಟ್ಟ ಗಂಟಲನ್ನೇ ದೇವರು ಕಿತ್ತುಕೊಂಡ ಮೇಲೆ ಆ ಮಾತು ನೆನಪಾಯಿತು. ಆ ಪೆಟ್ಟಿಗೆಯನ್ನು ಡ್ರಿಲ್ಲಿನಿಂದ ಕೊರೆಯದೆ ಬೀಗದಕೈಯಿಂದಲೇ ತೆರೆದರೆ, ಕೊಟ್ಟ ಮಾತಿನಲ್ಲಿ ಒಂದು ಚೂರಾದರೂ ಉಳಿಯುತ್ತದೆ ಎಂಬುದೊಂದೇ ಆಸೆ.

ವೆಂಕಟರಾಮ

•

ವೆರಿಬೀ
11 ಮೇ 2025

ರಾಯರೇ,

ಒಂದು ತಿಂಗಳು ನಿಮ್ಮ ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ನನ್ನಿಂದ ಆಗುವುದಿಲ್ಲ. ಹೇಳಿಬಿಡುತ್ತೇನೆ.

ಬೀಗದಕೈ ನನ್ನ ಹತ್ತಿರ ಉಂಟು.

ಆರ್ಥರ್ ಅಂಕಲ್‌ಗೆ ಕೊನೆಯ ವರ್ಷ ಫಿಟ್ಸ್ ಬರುತ್ತಿತ್ತು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕು ಅಂತ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅವರ ಡ್ರಾಯರ್‌ನಲ್ಲಿ ಈ ಬೀಗದಕೈ ಇತ್ತು. ಮೊದಲು ಒತ್ತಬೇಕಾದ ಗುಂಡಿ ಒತ್ತುತ್ತಿದ್ದೆ, ಕೊಡಬೇಕಾದ ಮದ್ದು ಕೊಡುತ್ತಿದ್ದೆ. ಆಮೇಲೆ ಯಾರೂ ನೋಡದ ಹಾಗೆ ಇದನ್ನು ಅವರ ಅಂಗೈಯಲ್ಲಿಟ್ಟು ಮೇಲೆ ನನ್ನ ಕೈ ಮುಚ್ಚುತ್ತಿದ್ದೆ. ಟ್ರೈನಿಂಗ್ ಆದವಳು ನಾನು, ಇದರಿಂದ ಎಂತದೂ ಆಗುವುದಿಲ್ಲ ಅಂತ ನನಗೂ ಗೊತ್ತು. ಆದರೂ ಕೈ ಕೇಳಬೇಕಲ್ಲ.

ಅವರು ಹೋದದ್ದು ಮಧ್ಯಾಹ್ನ ಮೂರು ಗಂಟೆಗೆ. ಕೈ ಬಿಡಿಸಿ ಬೀಗದಕೈ ತೆಗೆದು ಯೂನಿಫಾರ್ಮಿನ ಜೇಬಿಗೆ ಹಾಕಿದೆ, ಡಾಕ್ಟರ್ ಬರುವ ಮೊದಲು ಡ್ರಾಯರಿಗೆ ಇಡುವ ಅಂತ. ಮರೆತೆ. ಮನೆಗೆ ಬಂದು ಬಟ್ಟೆ ಒಗೆಯಲಿಕ್ಕೆ ಹಾಕುವಾಗ ಟಣ್ ಅಂತ ಬಿತ್ತು. ಸತ್ತವರ ಸಾಮಾನು ತೆಗೆದುಕೊಂಡಳು ಅಂತ ಆದರೆ ಕೆಲಸ ಹೋಗುತ್ತದೆ, ಮರ್ಯಾದೆ ಹೋಗುತ್ತದೆ. ಹೆದರಿ ಸುಮ್ಮನಾದೆ. ನಿಮಗೂ ಸುಳ್ಳು ಬರೆದೆ.

ಇನ್ನೊಂದು ಕೇಳಿ. ಅಂಕಲ್ ಅದನ್ನು ಸಿಟ್ಟಿನಿಂದ ತಂದದ್ದಲ್ಲ. ನನಗೆ ಹೇಳಿದ್ದರು. ಆ ದಿನ ಬೆಳಿಗ್ಗೆ ಅಪ್ಪನೇ ಬೀಗದಕೈ ಕೊಟ್ಟು ಚರ್ಚಿಗೆ ಮುಟ್ಟಿಸು ಅಂದಿದ್ದರಂತೆ. ಇವರು ಕಣ್ಣೀರು ಹಾಕಿಕೊಂಡು ಚರ್ಚು ದಾಟಿ ಸೀದಾ ಸ್ಟೇಷನಿಗೆ ನಡೆದರು. ಹಡಗಿನಲ್ಲಿ ಕೋಟಿನ ಜೇಬಿಗೆ ಕೈ ಹಾಕಿದಾಗ ಸಿಕ್ಕಿತು. "ಮೊದಲ ವರ್ಷ ನಾಚಿಕೆ ಆಯ್ತು, ಆಮೇಲೆ ಹಟ ಬಂತು, ಆಮೇಲೆ ತಡವಾಯ್ತು. ನಮ್ಮಪ್ಪನಿಗೆ ಕಾಯೋ ಸ್ವಭಾವ ಇಲ್ಲ ಅಕ್ಕು, ಎಂದೋ ಬೀಗ ಒಡೆಸಿರ್ತಾರೆ," ಅನ್ನುತ್ತಿದ್ದರು. ನಾನು ಅದನ್ನು ಚರ್ಚಿನ ಬಾಗಿಲ ಬೀಗದ್ದು ಅಂದುಕೊಂಡಿದ್ದೆ. ನೀವು ಬರೆದ ಮೇಲೆಯೇ ಪೆಟ್ಟಿಗೆ ಅಂತ ತಿಳಿದದ್ದು.

ಈಗ ನಿಮಗೆ ಕೊಡಬೇಕು. ಆದರೆ ಕೊಡಲಿಕ್ಕಾಗುವುದಿಲ್ಲ. ನನ್ನ ಮಗ ರೋಶನ್, ಸೊಸೆ ಶ್ರದ್ಧಾ. ಅವರ ಮಗು ನವ್ಯಾ ಏಳನೇ ತಿಂಗಳಲ್ಲೇ ಹುಟ್ಟಿದ್ದು, ಒಂದು ಕೆಜಿ ಇದ್ದಳು. ಆಸ್ಪತ್ರೆಯಿಂದ ಮನೆಗೆ ತಂದ ದಿನ ತೊಟ್ಟಿಲ ಹಾಸಿಗೆಯ ಕೆಳಗೆ ಇಡಲಿಕ್ಕೆ ಕಬ್ಬಿಣ ಹುಡುಕಿದರೆ ಕೈಗೆ ಸಿಕ್ಕಿದ್ದು ಇದೇ. ಅಂದಿನಿಂದ ಅಲ್ಲೇ ಉಂಟು, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ. ಮಗು ಉಳಿಯಿತು. ಅದನ್ನು ತೆಗೆಯಲಿಕ್ಕೆ ನನಗೆ ಧೈರ್ಯ ಇಲ್ಲ ರಾಯರೇ. ಬೈಯಿರಿ, ಪರವಾಗಿಲ್ಲ.

ಅಕ್ಕು

•

ಪ್ಯಾರಮಟ್ಟಾ
19 ಮೇ 2025

ಅಕ್ಕು ಅವರೇ,

ಬೈಯುವುದೆಲ್ಲಿ ಬಂತು! ಕಾಗದವನ್ನು ನಾಲ್ಕು ಸಲ ಓದಿದೆ. ಅಪ್ಪನೇ ಕೈಗೆ ಕೊಟ್ಟದ್ದು! ಕಳುವು ಎಂದು ಊರು, ಹಟ ಎಂದು ಅಪ್ಪ, ಅಪ್ಪ ಕಾಯಲಾರರು ಎಂದು ಮಗ. ಯಾರಿಗೂ ನಿಜ ಗೊತ್ತಿರಲಿಲ್ಲ. ಗೊತ್ತಿದ್ದವರು ನೀವೊಬ್ಬರೇ, ಅದೂ ವೆರಿಬೀಯಲ್ಲಿ.

ಬೀಗದಕೈ ಕಳಿಸಬೇಡಿ. ಎಂಟುನೂರು ವರ್ಷದ ಚರ್ಚು ಮುಚ್ಚಲಿ, ಮಗು ಬೆಚ್ಚಗೆ ಮಲಗಲಿ. ಮಗು ಉಳಿದದ್ದು ಡಾಕ್ಟರರಿಂದ ಎಂದು ಎಂಜಿನಿಯರು ಹೇಳುತ್ತಾನೆ, ಅಜ್ಜ ಹೇಳುವುದಿಲ್ಲ.

ಇದರ ಜೊತೆ ಒಂದು ಪೊಟ್ಟಣ ಇದೆ. ನನ್ನ ಹೆಂಡತಿ ಊರ್ಮಿಳಾಳ ಅಡಕೆಕತ್ತರಿ. ಅವಳ ಅಜ್ಜಿಯದು, ಅಪ್ಪಟ ಕಬ್ಬಿಣ. ನನ್ನ ಮಗಳ ತೊಟ್ಟಿಲಲ್ಲಿ ಇದ್ದದ್ದು ಇದೇ. ಊರ್ಮಿಳಾ ತೀರಿಕೊಂಡ ಮೇಲೆ ನನ್ನ ಮೇಜಿನ ಮೇಲೆ ಪೇಪರ್ ಹಾರದಂತೆ ಕೂತಿತ್ತು. ನವ್ಯಾಳಿಗೆ ಇರಲಿ. ಒಂದಕ್ಕೆ ಎರಡಾಯಿತು, ಅಷ್ಟೇ.

ವೆಂಕಟರಾಮ

•

ವೆರಿಬೀ
16 ಜೂನ್ 2025

ರಾಯರೇ,

ನಿಮ್ಮ ಹೆಂಡತಿಯ ಅಡಕೆಕತ್ತರಿ ಕಂಡು ಅಳು ಬಂತು. ಹದಿನೈದು ದಿನ ಎರಡನ್ನೂ ಒಟ್ಟಿಗೆ ಇಟ್ಟೆ. "ಅತ್ತೆ, ಇದು ಬೇಬಿ ಬೆಡ್ಡಾ, ಹಾರ್ಡ್‌ವೇರ್ ಶಾಪಾ?" ಅಂದಳು ಶ್ರದ್ಧಾ. ಆಮೇಲೆ ಆ ಮುದುಕ ಹಕ್ಕಿಪುಕ್ಕದಿಂದ ಬೀಗಕ್ಕೆ ಎಣ್ಣೆ ಬಿಟ್ಟದ್ದು ನೆನಪಾಯಿತು. ಇಂದು ಬೆಳಿಗ್ಗೆ ಬೀಗದಕೈ ತೆಗೆದು, ನೇತ್ರಾ ಮೂಲಕ ನಿಮ್ಮ ಮಗಳನ್ನು ಕೇಳಿ ಪಡೆದ ಜೂಡಿತ್ ಅವರ ವಿಳಾಸಕ್ಕೆ ಕೊರಿಯರ್ ಮಾಡಿದೆ. ಕತ್ತರಿ ತೊಟ್ಟಿಲಲ್ಲಿ ಉಂಟು.

ಅಕ್ಕು

•

ವೆರಿಬೀ
14 ಜುಲೈ 2025

ನವ್ಯಾ ಆಸ್ಪತ್ರೆಯಲ್ಲಿ. ಉಸಿರಿಗೆ ಕಷ್ಟ, ಮೂಗಿಗೆ ಪೈಪು ಹಾಕಿದ್ದಾರೆ. ಚಳಿಗಾಲದ ವೈರಸ್ ಅನ್ನುತ್ತಾರೆ. ನನಗೆ ಯಾವ ಚಳಿಗಾಲವೂ ಬೇಡ. ನಾನು ಅದನ್ನು ತೆಗೆಯಬಾರದಿತ್ತು. ನೀವು ಯಾಕಾದರೂ ನನಗೆ ಬರೆದಿರೋ! ಸತ್ತವರ ಮಾತು ಉಳಿಸಲಿಕ್ಕೆ ನನ್ನ ಮಗುವೇ ಬೇಕಿತ್ತಾ? ಇನ್ನು ಬರೆಯಬೇಡಿ.

•

ಪ್ಯಾರಮಟ್ಟಾ
17 ಜುಲೈ 2025

ತಂಗೀ,

ಬರೆಯಬೇಡಿ ಎಂದಿರಿ, ಇದೊಂದು ಮಾತ್ರ. ಬೀಗದಕೈ ವಿಂಡಲ್‌ಕೋಟ್ ತಲುಪಿದೆ, ಇನ್ನೂ ಬೀಗಕ್ಕೆ ಹಾಕಿಲ್ಲ. ತಕ್ಷಣ ವಾಪಸ್ ಕಳಿಸಲು ಜೂಡಿತ್‌ಗೆ ಬರೆದಿದ್ದೇನೆ. ಪೆಟ್ಟಿಗೆ ಒಡೆದರೆ ಒಡೆಯಲಿ. ನಾನು ಕೊಟ್ಟ ಮಾತು ನನ್ನ ಕರ್ಮ, ಮಗುವಿನದಲ್ಲ.

ದಿನಾ ಬೆಳಿಗ್ಗೆ ನದಿಯ ದಂಡೆಗೆ ವಾಕಿಂಗ್ ಹೋಗುತ್ತೇನೆ, ಧ್ವನಿ ಇಲ್ಲದೆಯೇ ವಿಷ್ಣುಸಹಸ್ರನಾಮ ಹೇಳುತ್ತೇನೆ. ಅವಳ ಹೆಸರಿನಲ್ಲಿ.

ವೆಂಕಟರಾಮ

•

ವೆರಿಬೀ
4 ಆಗಸ್ಟ್ 2025

ಅಣ್ಣಾ,

ನವ್ಯಾ ಮನೆಗೆ ಬಂದಳು. ಹಾಲು ಕುಡಿಯುತ್ತಾಳೆ, ಕಿರುಚುತ್ತಾಳೆ. ಅವಳ ವಾರ್ಡಿನಲ್ಲಿ ಆರು ಮಕ್ಕಳಿಗೆ ಅದೇ ಜ್ವರ. ಅವರ ಮನೆಯವರು ಯಾರೂ ಬೀಗದಕೈ ಕಳಿಸಿದವರಲ್ಲ. ಇಪ್ಪತ್ತು ವರ್ಷ ಕಾಯಿಲೆಯವರ ಜೊತೆ ಇದ್ದ ನನಗೆ ಅಷ್ಟು ತಿಳಿಯಬೇಡವಾ? ನಿಮಗೆ ಏನೇನೋ ಅಂದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ಬೀಗದಕೈ ವಾಪಸ್ ಬೇಡ. ಜೂಡಿತ್ ಅವರಿಗೆ ಇವತ್ತೇ ಹೇಳಿ. ಅದು ಅವರ ಊರಿನದು. ತೆರೆಯಲಿ.

ಅಕ್ಕು

•

ಪ್ಯಾರಮಟ್ಟಾ
30 ಸೆಪ್ಟೆಂಬರ್ 2025

ಪ್ರೀತಿಯ ತಂಗಿ ಅಕ್ಕು,

ತೆರೆಯಿತು! ತೆರೆಯಿತಮ್ಮಾ!

ಮೊನ್ನೆ ಭಾನುವಾರ ನಮ್ಮಲ್ಲಿ ಸಂಜೆ, ಅಲ್ಲಿ ಬೆಳಗಿನ ಪ್ರಾರ್ಥನೆ. ಮಗಳು ಲ್ಯಾಪ್‌ಟಾಪ್ ಮುಂದೆ ಕೂರಿಸಿದಳು. ನಿನಗೆ ನೋಡಲು ಧೈರ್ಯವಿಲ್ಲ ಎಂದು ನೇತ್ರಾ ಮೂಲಕ ಹೇಳಿ ಕಳಿಸಿದೆಯಲ್ಲ, ಅದಕ್ಕೆ ಎಲ್ಲ ಬರೆಯುತ್ತೇನೆ. ಹನ್ನೊಂದು ಜನ ಇದ್ದರು. ಅದೇ ಪಟ್ಟಿ, ಅದೇ ಪೆಟ್ಟಿಗೆ. ಗೋಪುರ ನಾನು ಅಳೆದಾಗ ಎಷ್ಟು ವಾಲಿತ್ತೋ ಅಷ್ಟೇ ವಾಲಿದೆಯಂತೆ.

ಜೂಡಿತ್, ಈಗಿನ ಇಬ್ಬರು ಹಿರಿಯರು, ಮೂವರೂ ಕೂಡಿ ನಿಂತರು. ಪಾದ್ರಿಯ ಬೀಗ ತಿರುಗಿತು, ಎರಡನೆಯದೂ ತಿರುಗಿತು. ನಿನ್ನ ಬೀಗದಕೈಯನ್ನು ಮೂಸಿ ನೋಡಿ ಜೂಡಿತ್, "ತೆಂಗಿನಕಾಯಿ ವಾಸನೆ ಬರುತ್ತಿದೆ," ಎಂದಳು. ಹಾಕಿ ತಿರುಗಿಸಿದಳು. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಹೇಗೆ ಗೊತ್ತೇ? ಥಾಮಸ್ ಸತ್ತು ನಲವತ್ತನಾಲ್ಕು ವರ್ಷವಾದರೂ ಪ್ರತಿ ಹಬ್ಬಕ್ಕೂ ಯಾರಾದರೊಬ್ಬರು ಆ ಬೀಗಗಳಿಗೆ ಎಣ್ಣೆ ಬಿಟ್ಟಿದ್ದಾರೆ. "ಯಾಕೆಂದು ನಮಗೂ ಗೊತ್ತಿಲ್ಲ. ಹಿಂದಿನವರು ಬಿಡುತ್ತಿದ್ದರು, ನಾವೂ ಬಿಟ್ಟೆವು," ಎಂದಳು ಒಬ್ಬ ಮುದುಕಿ. ಏನು ಜನವಪ್ಪಾ! ಗೋಪುರ ಯಾಕೆ ಬೀಳಲಿಲ್ಲ ಎಂದು ಒಂದು ವರ್ಷ ಲೆಕ್ಕ ಹಾಕಿದ್ದೆ. ಮೊನ್ನೆ ಅರ್ಥವಾಯಿತು.

ನನಗೆ ಏನಾದರೂ ಹೇಳಿ ಎಂದರು. ಧ್ವನಿ ಎಲ್ಲಿದೆ? ಎದ್ದು ನಿಂತು ಕೈ ಮುಗಿದೆ. ಹನ್ನೊಂದು ಜನರೂ ಹಾಗೇ ಕೈ ಮುಗಿದರು.

ಪುಸ್ತಕಗಳ ಮೇಲೆ ಇಪ್ಪತ್ತನಾಲ್ಕು ಕಾಗದಗಳು. 1957ರಿಂದ 1980ರವರೆಗೆ, ಒಂದು ವರ್ಷವೂ ಬಿಟ್ಟಿಲ್ಲ. ಜೂಡಿತ್ ಎಲ್ಲದರ ಫೋಟೊ ಕಳಿಸಿದ್ದಾಳೆ. ದೊಡ್ಡ ಮಾತೇನೂ ಇಲ್ಲ. ಈ ವರ್ಷ ಸೇಬು ಚೆನ್ನಾಗಿ ಬಂತು, ನಿನ್ನ ನಾಯಿ ಸತ್ತಿತು, ಇಂಡಿಯಾದ ಹುಡುಗನೊಬ್ಬ ಬಂದಿದ್ದಾನೆ, ಗೋಪುರವನ್ನು ದಿನಾ ಅಳೆಯುತ್ತಾನೆ, ಊಟ ಸರಿಯಾಗಿ ಮಾಡುವುದಿಲ್ಲ. ನನ್ನ ವಿಷಯ ಓದಿ ಕನ್ನಡಕ ತೆಗೆದಿಟ್ಟೆ. ಕೊನೆಯದು ಮಾತ್ರ ಮಗನಿಗೆ ಬರೆದದ್ದಲ್ಲ. ಅಕ್ಷರ ನಡುಗಿದೆ. ಕನ್ನಡದಲ್ಲಿ ಬರೆಯುತ್ತೇನೆ, ಓದು:

"ಈ ಪೆಟ್ಟಿಗೆ ತೆರೆದವರು ಆರ್ಥರ್ ಅಲ್ಲವಾದರೆ, ನೀವು ಯಾರೇ ಆಗಿರಿ, ನಿಮಗೆ ನಮಸ್ಕಾರ. ಬೀಗದಕೈ ಅವನಿಂದ ನಿಮ್ಮ ಕೈಗೆ ಬಂದಿದೆ ಎಂದರೆ ಅವನು ಇಲ್ಲ. ನನ್ನದೊಂದೇ ಪ್ರಶ್ನೆ. ಅವನು ಅದನ್ನು ಕೈಬಿಡುವಾಗ ಹತ್ತಿರ ಯಾರಾದರೂ ಇದ್ದರೇ? ಬರೆದು ಈ ಸೀಳಿನಲ್ಲಿ ಹಾಕಿ. ನಾನು ಹೊರಗೆ ಮರದ ಕೆಳಗೆ ಇರುತ್ತೇನೆ."

ಮ್ಯೂಸಿಯಂನವರು ಪೆಟ್ಟಿಗೆ ಒಯ್ಯುವುದು ನವೆಂಬರಿನಲ್ಲಿ. ಅಲ್ಲಿಯವರೆಗೆ ಜೂಡಿತ್ ಕಾಯುತ್ತಾಳೆ. ಉತ್ತರ ನಾನು ಬರೆಯುವಂತಿಲ್ಲ. ಅದು ಗೊತ್ತಿರುವುದು ನಿನಗೊಬ್ಬಳಿಗೇ.

ನಿನ್ನ ಅಣ್ಣ
ವೆಂಕಟರಾಮ

•

ವೆರಿಬೀ
12 ಅಕ್ಟೋಬರ್ 2025

ಥಾಮಸ್ ಪೆಲ್ ಅಜ್ಜನವರಿಗೆ,

ನನಗೆ ಬರುವ ಭಾಷೆಯಲ್ಲೇ ಬರೆಯುತ್ತೇನೆ. ನಿಮ್ಮಲ್ಲಿ ಯಾರಿಗೂ ಓದಲಿಕ್ಕೆ ಬಾರದಿದ್ದರೆ ಅಡ್ಡಿಯಿಲ್ಲ, ನಿಮ್ಮ ಕಾಗದಗಳೂ ಅಷ್ಟು ವರ್ಷ ಯಾರೂ ಓದದೆ ಇದ್ದವಲ್ಲ. ನಾನು ಅಕ್ಕು. ನಿಮ್ಮ ಮಗನಿಗೆ ಊಟ ಕೊಟ್ಟವಳು, ಸ್ನಾನ ಮಾಡಿಸಿದವಳು.

ಅವರು ಬೀಗದಕೈ ಕದ್ದದ್ದಲ್ಲ. ನೀವೇ ಕೊಟ್ಟದ್ದನ್ನು ಮುಟ್ಟಿಸಲಿಕ್ಕೆ ಮರೆತರು, ಆಮೇಲೆ ನಾಚಿಕೆಯಾಯಿತು. ನಾನೂ ಹಾಗೇ ಮಾಡಿದ್ದೇನೆ, ಅದಕ್ಕೆ ನನಗೆ ಗೊತ್ತು. ನೀವು ಬೀಗ ಒಡೆಸಿದ್ದೀರಿ ಅಂತ ಅವರು ತಿಳಿದಿದ್ದರು. ಆದರೂ ಅದನ್ನು ಎಲ್ಲಿಗೆ ಹೋದರೂ ಕೊಂಡುಹೋದರು. ನಮ್ಮಲ್ಲಿಗೆ ಬರುವಾಗ ಎರಡು ಅಂಗಿ, ಒಂದು ರೇಡಿಯೋ, ಇದು. ಇಷ್ಟೇ ಇತ್ತು.

ನಿಮ್ಮ ಪ್ರಶ್ನೆಗೆ ಉತ್ತರ. ಅದು ಮಧ್ಯಾಹ್ನ ಮೂರು ಗಂಟೆ, ಕಿಟಕಿಯಲ್ಲಿ ಬಿಸಿಲು ಇತ್ತು. ಅವರು ಅದನ್ನು ಕೈಬಿಡಲಿಲ್ಲ ಅಜ್ಜಾ, ನಾನು ಬಿಡಿಸಿಕೊಂಡದ್ದು. ಕೊನೆಯವರೆಗೆ ಬೀಗದಕೈ ಅವರ ಕೈಯಲ್ಲಿತ್ತು. ಅದರ ಮೇಲೆ ನನ್ನ ಕೈ ಇತ್ತು.

ಅಕ್ಕು